ಇದ್ದಿ ಏನಪಾ?

ಗಡಿಯಾಚೆ ಮಹಾರಾಷ್ಟ್ರದ ಉಮರ್ಗಾದಲ್ಲಿ ಅಕ್ಕನ ಮನೆಯ ಪಡಸಾಲೆಯಲ್ಲಿ ಕುಳಿತು ನನ್ನ ಅಳಿಯ ಅಮೆರಿಕದ ಸರ್ವರ್ ನೋಡಿಕೊಳ್ಳುತ್ತಾನೆ. ಚಹಾ ಕುಡಿದು ಬರುವಷ್ಟರಲ್ಲಿ ಕನೆಕ್ಷನ್ ಹೋಗಿರುತ್ತದೆ. "ಮಾಮಾ, ಸುಮ್ಮ ಕುಂತ್ರ ನಡುವಿನ ಡಬ್ಬಿ ನಮ್ಮನ್ನ ಸತ್ತಾರಂತ ತಿಳ್ಕೋತದ. ಅಮೆಜಾನ್‌ದು 350 ಸೆಕೆಂಡ್ ಅಷ್ಟೇ ಕಾಯ್ತದ." ಲಿನಕ್ಸ್‌ಗೆ ಬಿಟ್ಟರೆ ಅದು ತಾನಾಗಿ ವಿಚಾರಿಸುವುದು 7200 ಸೆಕೆಂಡಿಗೆ, ಎರಡು ತಾಸಿಗೊಮ್ಮೆ. ಅಷ್ಟರಲ್ಲಿ ಮಣ್ಣು ಕೊಟ್ಟು ಸ್ನಾನವೂ ಆಗಿರುತ್ತದೆ.

ಮದ್ದು ಎರಡೇ ಸಾಲಿನದು. ಎಸ್‌ಎಸ್‌ಎಚ್ ಕಾನ್ಫಿಗ್ ಫೈಲಿನಲ್ಲಿ ಸರ್ವರ್‌ಅಲೈವ್‌ಇಂಟರ್ವಲ್ 60, ಸರ್ವರ್‌ಅಲೈವ್‌ಕೌಂಟ್‌ಮ್ಯಾಕ್ಸ್ 3. ನಿಮಿಷಕ್ಕೊಮ್ಮೆ "ಇದ್ದಿ ಏನಪಾ?" ಎಂಬ ಖಾಲಿ ಸಂದೇಶ ಹೋಗುತ್ತದೆ, "ಇದ್ದೀನಿ" ಎಂಬ ಉತ್ತರ ಬರುತ್ತದೆ. ಒಳಗೆ ಹುರುಳು ಏನೂ ಇಲ್ಲ. ಮೂರು ಸಲ ಕೇಳಿದರೂ ಉತ್ತರ ಇಲ್ಲವೆಂದರೆ ಕಡಿದುಕೊಳ್ಳುವುದು.

ಇದರಲ್ಲೇನು ಹೊಸದು? ಇಲ್ಲಿ ಪೆನ್ಶನ್‌ದಾರರು ಪ್ರತಿ ನವೆಂಬರಿನಲ್ಲಿ 'ಹಯಾತೀಚಾ ದಾಖಲಾ' ಕೊಟ್ಟು ತಾವು ಬದುಕಿದ್ದೇವೆಂದು ಸಾಬೀತು ಮಾಡುತ್ತಾರೆ. ಗಡಿ ವಿವಾದವೂ ಅದೇ ತಿಂಗಳಲ್ಲಿ ತನ್ನ ದಾಖಲಾ ಕೊಡುತ್ತದೆ: ಒಂದು ಕಡೆ ರಾಜ್ಯೋತ್ಸವ, ಇನ್ನೊಂದು ಕಡೆ ಕರಾಳ ದಿನ. 1956ರ ನವೆಂಬರ್ 1ರಂದು ಬೀದರ ಜಿಲ್ಲೆಯ ಉದಗೀರ, ನಿಲಂಗಾ ತಾಲೂಕುಗಳು ಆಚೆ ಹೋದವು. 1967ರಲ್ಲಿ ಮಹಾಜನ ವರದಿ ಬಂತು, ಮಹಾರಾಷ್ಟ್ರ ಒಪ್ಪಲಿಲ್ಲ. 2004ರಲ್ಲಿ ಮಹಾರಾಷ್ಟ್ರವೇ ಸುಪ್ರೀಂ ಕೋರ್ಟಿಗೆ ಹೋಯಿತು. 2022ರ ಚಳಿಗಾಲದಲ್ಲಿ ನಮ್ಮವರು ಜತ್ತದ 40 ಹಳ್ಳಿಗಳ ಮಾತೆತ್ತಿದರು, ಅವರು 865 ಊರುಗಳಿಗೆ ಠರಾವು ಪಾಸು ಮಾಡಿದರು. ನಡುವೆ ಉಳಿದ ಸಮಯಕ್ಕೆಲ್ಲ "ಒಂದಿಂಚೂ ಬಿಡೆವು". ಇದಕ್ಕಿಂತ ಖಾಲಿ ಪ್ಯಾಕೆಟ್ಟನ್ನು ಯಾವ ಎಂಜಿನಿಯರೂ ಕಟ್ಟಿಲ್ಲ. ಮೂರು ಸಲದ ಲೆಕ್ಕವೂ ಇಲ್ಲಿಲ್ಲ. ಉತ್ತರ ಬರದಿದ್ದರೇ ಇಬ್ಬರಿಗೂ ಅನುಕೂಲ.

ಸಾಮಾನು ಸಾಗುವ ದಾರಿ ಬೇರೆಯೇ ಇದೆ. ಉದಗೀರದಲ್ಲಿ ರೈಲು ಹತ್ತಿದವರು ಕಮಲನಗರ, ಭಾಲ್ಕಿ ದಾಟಿ ಬೀದರಕ್ಕೆ ಇಳಿಯುತ್ತಾರೆ. ಹೆಣ್ಣು ಕೊಡುವವರು, ತರುವವರು, ಬಸವಕಲ್ಯಾಣಕ್ಕೆ ಹರಕೆ ಹೊತ್ತವರು. ಯಾರೂ ಠರಾವು ಪಾಸು ಮಾಡಿ ಬೀಗರಾದದ್ದಿಲ್ಲ. ಇದನ್ನೇ ಹಿಡಿದುಕೊಂಡು ಗಡಿಯಲ್ಲಿ ಕನ್ನಡಕ್ಕೆ ಟೈಮ್‌ಔಟ್ ಇಲ್ಲವೆಂದು ನಾನು ಭಾಷಣ ಬಿಗಿಯುತ್ತಿದ್ದೆ, ಬೆಂಗಳೂರಿನಲ್ಲಿ, ಶಾಲು ಹೊದ್ದು.

ಮೊನ್ನೆ ರಾತ್ರಿ ಅಕ್ಕ ಅಡುಗೆಮನೆಯಿಂದ ಮೊಮ್ಮಗಳನ್ನು ಕೂಗಿದಳು. "ಉಂಡಿ ಏನವ್ವ?" ಹುಡುಗಿ ಮೊಬೈಲಿನಿಂದ ತಲೆ ಎತ್ತಲಿಲ್ಲ. "ಉಂಡಿ ಏನಂದೆ?" ಉತ್ತರವಿಲ್ಲ. "ನಿನಗೇ ಕೇಳ್ಲಿಕತ್ತೀನಿ, ಉಂಡಿ ಏನ?" ಅಳಿಯ ಲ್ಯಾಪ್‌ಟಾಪಿನಲ್ಲಿ ತನ್ನ ಎರಡು ಸಾಲು ಸೇವ್ ಮಾಡುತ್ತಿದ್ದ.

ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಬಂದಳು. "ಜೇವಲೀಸ್ ಕಾ ಗ?"

"ಹೋ, ಆಜೀ."