ಚೆನ್ನಾಗಿದೀನಿ ಅಂದರೆ ಸಾಲದು

ಚಳ್ಳಕೆರೆಯ ಬೀದಿಯಲ್ಲಿ ಯಾರಾದರೂ ಎದುರಾಗಿ ‘ಹೆಂಗಿದೀರಾ?’ ಎಂದರೆ ಅದಕ್ಕಿರುವುದು ಒಂದೇ ಉತ್ತರ: ‘ಚೆನ್ನಾಗಿದೀನಿ.’ ಮಂಡಿ ಹಿಡಿದುಕೊಂಡು ಕುಂಟುತ್ತಿದ್ದರೂ ಅಷ್ಟೇ, ಕಂಕುಳಲ್ಲಿ ಎಕ್ಸ್‌ರೇ ಕವರು ಇದ್ದರೂ ಅಷ್ಟೇ. ಕೇಳಿದವರಿಗೂ ನಿಜ ಬೇಕಿರುವುದಿಲ್ಲ. ಮಾತು ಬೇಗ ಶೇಂಗಾ ರೇಟಿಗೋ ಬಾರದ ಮಳೆಗೋ ಹೊರಳಬೇಕಿರುತ್ತದೆ. ನಮ್ಮ ನೋವು ಹೇಳಿಕೊಂಡು ಇನ್ನೊಬ್ಬರನ್ನು ಬಿಸಿಲಲ್ಲಿ ನಿಲ್ಲಿಸಬಾರದೆಂಬ ಸೌಜನ್ಯ ಇದು. ಇದರಿಂದ ಯಾರಿಗೂ ನಷ್ಟವಾಗಿರಲಿಲ್ಲ, ಆರೋಗ್ಯ ವಿಮೆ ಬರುವ ತನಕ.

ವಿಮೆಯ ಅರ್ಜಿಯೂ ಕೇಳುವುದು ಅದನ್ನೇ. ಬಿಪಿ ಇದೆಯೇ, ಸಕ್ಕರೆ ಕಾಯಿಲೆ ಇದೆಯೇ, ಹಿಂದೆ ಆಪರೇಷನ್ ಆಗಿದೆಯೇ? ನಮ್ಮ ಸೋದರಮಾವ ಏಜೆಂಟರ ಮುಂದೆ ಕೂತು, ಅಭ್ಯಾಸಬಲದಿಂದ, ಎಲ್ಲಕ್ಕೂ ಚೆನ್ನಾಗಿದ್ದರು. ಏಜೆಂಟರಿಗೂ ಅದೇ ಅನುಕೂಲ; ‘ಇದೆ’ ಎಂದರೆ ಇನ್ನೊಂದು ಹಾಳೆ, ರಕ್ತಪರೀಕ್ಷೆ, ಹೆಚ್ಚಿನ ಪ್ರೀಮಿಯಂ. ಮೂರನೇ ವರ್ಷ ಮಾವನಿಗೆ ಕಾಲಿನ ಹುಣ್ಣು ಮಾಯದೆ ಆಸ್ಪತ್ರೆ ಸೇರಬೇಕಾಯಿತು. ‘ಶುಗರ್ ಎಷ್ಟು ವರ್ಷದಿಂದ?’ ಎಂದು ಡಾಕ್ಟರು ಕೇಳಿದರು. ‘ಹನ್ನೆರಡು ವರ್ಷದಿಂದ ಸಾಕ್ಕೊಂಡಿದೀನಿ ಸಾರ್’ ಎಂದು ಮಾವ ಹೆಮ್ಮೆಯಿಂದಲೇ ಹೇಳಿದರು. ಡಾಕ್ಟರ ಹತ್ತಿರ ಸುಳ್ಳು ಹೇಳಬಾರದಲ್ಲ! ಆ ಹೆಮ್ಮೆ ಡಿಸ್ಚಾರ್ಜ್ ಸಮ್ಮರಿಯಲ್ಲಿ ಅಚ್ಚಾಯಿತು. ಕ್ಲೇಮು ರಿಜೆಕ್ಟ್ ಆಯಿತು, ಪಾಲಿಸಿಯೂ ರದ್ದಾಯಿತು.

ಕಾಯಿಲೆ ಮೊದಲೇ ಬರೆದುಕೊಟ್ಟಿದ್ದರೆ ಅದಕ್ಕೊಂದು ಕಾಯುವ ಅವಧಿ ಇರುತ್ತಿತ್ತು, ಮುಗಿದ ಮೇಲೆ ಹಣ ಬರುತ್ತಿತ್ತು. ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ಆ ಅವಧಿಯ ಗರಿಷ್ಠ ಮಿತಿಯನ್ನು ನಾಲ್ಕು ವರ್ಷದಿಂದ ಮೂರಕ್ಕೆ ಇಳಿಸಿತು. ಐದು ವರ್ಷ ಬಿಡದೆ ಪ್ರೀಮಿಯಂ ಕಟ್ಟಿದವರಿಗೆ, ವಂಚನೆ ಸಾಬೀತಾದರೆ ಮಾತು ಬೇರೆ, ‘ಅಂದು ಹೇಳಲಿಲ್ಲ’ ಎಂಬ ನೆಪ ಒಡ್ಡುವಂತಿಲ್ಲ ಎಂದೂ ಮಾಡಿತು. ಮೊದಲು ಇದು ಎಂಟು ವರ್ಷವಿತ್ತು. ಇದನ್ನೆಲ್ಲ ವಿವರಿಸಿದಾಗ ಮಾವ, ‘ಈಗ ಹೇಳ್ತಿಯಲ್ಲಪ್ಪ’ ಎಂದು ಕಾಲಿನ ಬ್ಯಾಂಡೇಜು ನೋಡಿಕೊಂಡರು.

ಆರೋಗ್ಯದ ಮಾತೂ ಸತ್ಯದ ಮಾತೂ ನಮ್ಮ ಸೀಮೆಗೆ ಹಳೆಯವು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದದ್ದು. ಹತ್ತಿರದ ಸಿದ್ದಾಪುರದಲ್ಲಿ, ಜಟಿಂಗ ರಾಮೇಶ್ವರ ಬೆಟ್ಟದಲ್ಲಿ ಅದರದೇ ಪ್ರತಿಗಳಿವೆ. ಸುವರ್ಣಗಿರಿಯಲ್ಲಿದ್ದ ರಾಜಕುಮಾರನ ಕಡೆಯಿಂದ ಇಸಿಲದ ಮಹಾಮಾತ್ರರಿಗೆ ಬಂದ ಆಜ್ಞೆ ಅದು. ಆಜ್ಞೆಗೂ ಮೊದಲು ಆ ಅಧಿಕಾರಿಗಳಿಗೆ ಆರೋಗ್ಯ ಹಾರೈಸಲಾಗಿದೆ. ಮುಂದೆ ತಂದೆತಾಯಿಗಳ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಸತ್ಯ ನುಡಿಯಬೇಕು ಎಂದಿದೆ. ಆರೋಗ್ಯಕ್ಕೂ ಸತ್ಯಕ್ಕೂ ಅಶೋಕ ಬಂಡೆಯ ಮೇಲೆ ಬೇರೆಬೇರೆ ಸಾಲು ಕೊಟ್ಟ. ವಿಮಾ ಕಂಪನಿ ಎರಡನ್ನೂ ಒಂದೇ ಕಾಲಮ್ಮಿಗೆ ತುರುಕಿದೆ. ಶಾಸನ ಬರೆದ ಚಪಡನೆಂಬ ಲಿಪಿಕಾರ ಕೊನೆಯಲ್ಲಿ ತನ್ನ ಹೆಸರು ಹಾಕಿದ್ದಾನೆ. ಕಲ್ಲು ಕೊರೆಯುವ ಶ್ರಮ ಇದ್ದುದರಿಂದಲೋ ಏನೋ, ಕೆಳಗೆ ಸಣ್ಣಕ್ಷರದ ಷರತ್ತುಗಳಿಲ್ಲ.

ಸತ್ಯ ನುಡಿದವರೆಲ್ಲ ಗೆದ್ದರು ಎನ್ನುವಂತೆಯೂ ಇಲ್ಲ. ಮೊಳಕಾಲ್ಮೂರಿನ ನಮ್ಮ ಬೀಗಿತ್ತಿ ಅರ್ಜಿಯಲ್ಲಿ ಥೈರಾಯ್ಡನ್ನೂ ಬಿಡದೆ ಬರೆಸಿದವರು. ಡೆಂಗ್ಯೂ ಬಂದು ನಾಲ್ಕು ದಿನ ಡ್ರಿಪ್ಪಿನಲ್ಲಿದ್ದರು. ‘ಅಡ್ಮಿಟ್ ಆಗುವ ಅಗತ್ಯವಿರಲಿಲ್ಲ’ ಎಂದು ಎಲ್ಲೋ ಕೂತವರು ಕಾಗದ ಕಳಿಸಿದರು. ಕೇಂದ್ರ ಸರ್ಕಾರ 2005-06ರಲ್ಲಿ ಕೈಮಗ್ಗದ ನೇಕಾರರಿಗೆ ತಂದಿದ್ದ ವಿಮೆ ಇದಕ್ಕಿಂತ ತಿಳಿವಳಿಕೆಯದಾಗಿತ್ತು. ಕುಟುಂಬಕ್ಕೆ ವರ್ಷಕ್ಕೆ 15,000 ರೂಪಾಯಿ ಮಿತಿ, ಅದರಲ್ಲಿ 7,500 ಹೊರರೋಗಿ ಚಿಕಿತ್ಸೆಗೆ ಇತ್ತು. ಗುಂಡಿಮಗ್ಗದಲ್ಲಿ ಕಾಲು ಇಳಿಬಿಟ್ಟು ರೇಷ್ಮೆ ಸೀರೆ ನೇಯುವವರ ಸೊಂಟನೋವು, ಕಣ್ಣುರಿ ಮಂಚ ಹತ್ತಿಸಿ ಮಲಗಿಸುವಂಥವಲ್ಲ ಎಂದು ಯಾರಿಗೋ ಹೊಳೆದಿತ್ತು.

ಬೀಗಿತ್ತಿ ಸುಮ್ಮನಿರಲಿಲ್ಲ. ಡಾಕ್ಟರಿಂದ ಪ್ಲೇಟ್‌ಲೆಟ್ ಎಣಿಕೆ, ಅಡ್ಮಿಟ್ ಮಾಡಿಕೊಂಡ ಕಾರಣ ಬರೆಸಿಕೊಂಡರು. ಮೊದಲು ಕಂಪನಿಯ ದೂರು ವಿಭಾಗಕ್ಕೇ ಬರೆದರು. ಒಂದು ತಿಂಗಳು ಕಾದರು. ಆಮೇಲೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ. ಅಲ್ಲಿ ಶುಲ್ಕವಿಲ್ಲ, ವಕೀಲರು ಬೇಡ, 50 ಲಕ್ಷದವರೆಗಿನ ತಕರಾರು ಕೇಳುತ್ತಾರೆ. ಕಂಪನಿ ಇಲ್ಲವೆಂದ ಒಂದು ವರ್ಷದೊಳಗೆ ಹೋಗಬೇಕು, ಅಷ್ಟೇ. ಅದೂ ಬೇಡವೆಂದರೆ ಚಿತ್ರದುರ್ಗದ ಗ್ರಾಹಕರ ಆಯೋಗವಿದೆ. 2019ರ ಕಾಯ್ದೆ ಬಂದ ಮೇಲೆ ನಾವಿರುವ ಜಿಲ್ಲೆಯಲ್ಲೇ ದಾವೆ ಹೂಡಬಹುದು. ಬೀಗಿತ್ತಿಗೆ ಹಣ ಬಂತು. ಕೈಗವಸು, ಹತ್ತಿಯ ಬಾಬ್ತು ಮಾತ್ರ ಕಳೆದಿದ್ದರು. ‘ಹತ್ತಿ ನಮ್ಮನೇಲೇ ಇತ್ತಲ್ಲ, ತರ್ತಿದ್ದೆ’ ಎಂಬುದು ಅವರ ಕೊರಗು.

ಮಾವನ ದಾರಿ ಬೇರೆ. ಹೊಸ ಪಾಲಿಸಿಯ ಅರ್ಜಿಗೆ ಬಾಲ್ಯದ ಗದ್ದಕಟ್ಟು, ಜಾತ್ರೆಯಲ್ಲಿ ಉಳುಕಿದ ಕಾಲು, ಎಲ್ಲ ಬರೆಸಿದರು. ‘ಯಜಮಾನ್ರೇ, ಇಷ್ಟೆಲ್ಲ ಜಾಗ ಇಲ್ಲ’ ಎಂದ ಏಜೆಂಟ್ ಹುಡುಗ. ದುಬಾರಿ ಪ್ರೀಮಿಯಂ ಕಟ್ಟಿದ ದಿನವೇ ಮಾವ ಪ್ರತಿಜ್ಞೆ ಮಾಡಿದರು: ಇನ್ನು ಇವರ ಬಾಗಿಲಿಗೆ ಹೋಗುವುದೇ ಇಲ್ಲ. ಬೆಳಿಗ್ಗೆ ಐದೂವರೆಗೆ ಎಣ್ಣೆ ಮಿಲ್ಲುಗಳ ಘಮಲು ಏಳುವ ಮೊದಲೇ ನಡಿಗೆ, ಅನ್ನದ ಜಾಗಕ್ಕೆ ನವಣೆ, ಸಂಜೆಯ ಮಂಡಕ್ಕಿ ಮೆಣಸಿನಕಾಯಿಗೆ ವಿದಾಯ. ಶುಗರ್ ಇಳಿಯಿತು, ಹುಣ್ಣು ಮಾಯಿತು. ‘ಒಂದು ರೂಪಾಯಿ ಕ್ಲೇಮು ಮಾಡಲ್ಲ, ಅದೇ ನನ್ನ ಸೇಡು’ ಎಂದು ಊರೆಲ್ಲ ಹೇಳಿಕೊಂಡು ತಿರುಗಿದರು.

ಕೇಳಿ ಕೇಳಿ ಸಾಕಾಗಿ ಅತ್ತೆ ಒಂದು ಸಂಜೆ ಅಂದರು: ‘ಅಲ್ಲ ಕಣ್ರೀ, ದುಡ್ಡು ಕಟ್ಟಿ ಹುಷಾರಾಗಿದ್ರೆ ಲಾಭ ಅವ್ರಿಗೇ ತಾನೆ?’

ಮಾವ ತುಸು ಹೊತ್ತು ಲೆಕ್ಕ ಹಾಕಿದರು. ಆಮೇಲೆ ಚಪ್ಪಲಿ ಮೆಟ್ಟಿಕೊಂಡರು. ‘ಹಂಗಾದ್ರೆ ಇವತ್ತೊಂದಿನ ಎರಡು ಮೆಣಸಿನಕಾಯಿ ತಿಂದು ಬರ್ತೀನಿ. ಅವ್ರಿಗೂ ಸ್ವಲ್ಪ ಭಯ ಇರ್ಲಿ.’