ನೂಲುಲೋಕದಲ್ಲಿ ಜಿಗಿತ ಮತ್ತು ಪತನ: ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳನ್ನು ಅನುಲಕ್ಷಿಸಿ

1. ಪೀಠಿಕೆ

ಪ್ರಸ್ತುತ ಪ್ರಬಂಧವು ‘ಕರ್ಬೀಸ್ ಎಪಿಕ್ ಯಾರ್ನ್’ ಎಂಬ ವಿಡಿಯೊ ಗೇಮನ್ನು ಪಠ್ಯವಾಗಿ ನಿರ್ವಚಿಸಿಕೊಂಡು, ಜಿಗಿತ ಹಾಗೂ ಪತನಗಳ ಮುಖಾಮುಖಿಯನ್ನು ನಿರಚನವಾದಿ ನೆಲೆಯಲ್ಲಿ ಅನುಸಂಧಾನಗೊಳಿಸುವ ವಿನಮ್ರ ಪ್ರಯತ್ನವಾಗಿದೆ. ಈ ವಾಕ್ಯ ಅರ್ಥವಾಗದವರು ಗಾಬರಿಯಾಗಬೇಕಿಲ್ಲ. ಗೋಷ್ಠಿಯ ಅಧ್ಯಕ್ಷರಿಗೂ ಅರ್ಥವಾಗಿಲ್ಲ, ಆದರೂ ತಲೆದೂಗಿದ್ದಾರೆ.

2. ಪಠ್ಯದ ಸ್ವರೂಪ ಮತ್ತು ಸ್ಥಳೀಯತೆ

2010ರಲ್ಲಿ ನಿಂಟೆಂಡೊ ಕಂಪನಿ ವೀ ಯಂತ್ರಕ್ಕೆಂದು ಹೊರತಂದ ಈ ಪಠ್ಯದ ನಾಯಕ ಕರ್ಬಿ, ಗುಲಾಬಿ ಬಣ್ಣದ ಗುಂಡಗಿನ ಜೀವಿ. ಇಲ್ಲಿ ಅವನ ಮೈ ನೂಲು, ಅವನು ನಿಂತ ನೆಲ ಬಟ್ಟೆ. ಬಟ್ಟೆಯ ಗುಂಡಿಗೆ ಎಳೆ ಹಾಕಿ ಜಗ್ಗಿದರೆ ಬಟ್ಟೆ ನೆರಿಗೆಗಟ್ಟಿ ದೂರದ ಕಟ್ಟೆ ಹತ್ತಿರಕ್ಕೆ ಬರುತ್ತದೆ. ಜಿಪ್ ಎಳೆದರೆ ಎದುರಿನ ದೃಶ್ಯವೇ ಬಿಚ್ಚಿಕೊಂಡು ಒಳದಾರಿ ಕಾಣುತ್ತದೆ. ನೋಡುತ್ತ ಕೂತರೆ ಹೊತ್ತು ಹೋದದ್ದು ಗೊತ್ತಾಗುವುದಿಲ್ಲ.

ನೂಲು ನಮ್ಮ ಕಡೆಗೂ ಹೊಸದಲ್ಲ: ಗೋಕಾಕ ಜಲಪಾತದ ಪಕ್ಕದ ನೂಲಿನ ಗಿರಣಿ 1885ರಷ್ಟು ಹಳೆಯದು. ಆ ನೀರಿನಿಂದ ವಿದ್ಯುತ್ತನ್ನೂ ತೆಗೆದರು. ಆದಕಾರಣ ಈ ಆಟ ಮೂಲತಃ ಗೋಕಾಕದ್ದೇ ಎಂದು ಸಾಧಿಸಲು ಪ್ರಬಂಧಕಾರನಿಗೆ ಯಾವ ಅಡ್ಡಿಯೂ ಕಾಣುವುದಿಲ್ಲ. ಇದಕ್ಕಿಂತ ಸಣ್ಣ ಎಳೆ ಹಿಡಿದು ಪಿಎಚ್‌.ಡಿ. ಪಡೆದವರಿದ್ದಾರೆ.

3. ವರ್ಗೀಕರಣ

ಆಟಗಾರರಲ್ಲಿ ಮೂರು ಪಂಥಗಳು.

(ಅ) ಗೋಕಾಕ ಪಂಥ, ಅಥವಾ ಕರದಂಟುವಾದಿಗಳು: ಸಿಹಿಯಿದ್ದರೆ ಸಾಕು, ಹಲ್ಲಿಗೆ ಅಂಟಿದರೂ ಬಿಡರು.

(ಆ) ಮೂಡಲಗಿ ಪಂಥ, ಅಥವಾ ಪತನಾಕಾಂಕ್ಷಿಗಳು: ಸದ್ಯಕ್ಕೆ ಇದರ ಏಕೈಕ ಸದಸ್ಯ ನನ್ನ ಅಣ್ಣನ ಮಗ. ಕರ್ಬಿಯನ್ನು ಬೇಕಂತಲೇ ಕಂದಕಕ್ಕೆ ಹಾರಿಸಿದ. ರೆಕ್ಕೆಯ ದೇವತೆಯೊಂದು ಬಂದು ಅವನನ್ನೆತ್ತಿ ಕಟ್ಟೆಯ ಮೇಲೆ ಬಿಟ್ಟಿತು. ಕೂಡಿಸಿದ ಮಣಿಗಳಲ್ಲಿ ಒಂದಿಷ್ಟು ಚೆಲ್ಲಿದವು, ಅಷ್ಟೇ. ಮತ್ತೆ ಹಾರಿಸಿದ, ಮತ್ತೆ ಎತ್ತಿತು. “ಕಾಕಾ, ಇವಾ ಸಾಯೂದೇ ಇಲ್ಲೇನ? ಹಂಗಾರ ಹುಷಾರಲೇ ಯಾಕ ಜಿಗೀಬೇಕು?” ಅಂದ. ಆಟದ ಕೊರತೆಯನ್ನು ಇದಕ್ಕಿಂತ ಚಿಕ್ಕದಾಗಿ ಯಾವ ವಿಮರ್ಶಕನೂ ಹೇಳಲಾರ.

(ಇ) ಹುಕ್ಕೇರಿ ಪಂಥ: ಲೆಕ್ಕಕ್ಕೆ ಮೂರಾಗಲೆಂದು ಸೇರಿಸಿದ್ದು. ಬಿಡಿ.

4. ಸೈದ್ಧಾಂತಿಕ ಚೌಕಟ್ಟು

ಯಾರೂ ಸಾಯದ ಇಂಥ ಆಟ ನಮ್ಮಲ್ಲಿ ಮೊದಲಿಂದಲೂ ಇದೆ. ಅದರ ಹೆಸರು ವಿಚಾರ ಸಂಕಿರಣ. ಪ್ರಬಂಧಕಾರ ಎಷ್ಟೇ ಆಳಕ್ಕೆ ಬೀಳಲಿ, ಅಧ್ಯಕ್ಷರು ‘ಹೊಸ ಹೊಳಹು’ ಎಂದು ಎತ್ತಿ ನಿಲ್ಲಿಸುತ್ತಾರೆ. ಹೊತ್ತು ಮೀರಿದರೆ ಒಂದು ಚೀಟಿ ಬರುತ್ತದೆ. ಸಂಜೆ ಎಲ್ಲರಿಗೂ ಪ್ರಮಾಣಪತ್ರ.

2019ರ ಮಾರ್ಚ್‌ನಲ್ಲಿ ಈ ಆಟ 3ಡಿಎಸ್ ಯಂತ್ರಕ್ಕೆ ಮರಳಿ ಬಂದಾಗ ಒಂದು ಕಠಿಣ ಬಗೆಯನ್ನೂ ಸೇರಿಸಿದರು: ಪುಟ್ಟ ದೆವ್ವ ಬೆನ್ನು ಹತ್ತುತ್ತದೆ, ಕರ್ಬಿಗೂ ಸೋಲಿದೆ. ಅದೇ ವರ್ಷ ಆಗಸ್ಟಿನಲ್ಲಿ ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಡ್ಯಾಮಿನಿಂದ ಬಿಟ್ಟ ನೀರು ಘಟಪ್ರಭೆಯಲ್ಲಿ ಉಕ್ಕಿ ಬಂತು. ಲೋಳಸೂರ ಸೇತುವೆ ಮುಳುಗಿತು, ಗೋಕಾಕ ಊರೊಳಗೆ ಹೊಳೆ ಹೊಕ್ಕಿತು, ಮೂಡಲಗಿ ಕಡೆಯ ಹೊಳೆದಂಡೆಯ ಹಳ್ಳಿಗಳಲ್ಲಿ ಮಣ್ಣಿನ ಗೋಡೆ ನೆನೆದು ಕುಸಿದವು. ಇಂಥ ಆಟಗಳಲ್ಲಿ ಕುಸಿದ ಕಟ್ಟೆ ತುಸು ಹೊತ್ತಿಗೆ ತಾನಾಗಿ ಮರಳಿ ಮೂಡುತ್ತದೆ. ಇಲ್ಲಿ ಬಿದ್ದ ಮನೆಗೆ ಮೊದಲು ವರ್ಗ ಬೇಕಾಯಿತು: ಎ, ಬಿ, ಸಿ. ಪೂರ್ತಿ ಬಿದ್ದದ್ದು ಎ. ಅದಕ್ಕೆ ಸರ್ಕಾರದಿಂದ 5 ಲಕ್ಷ ರೂಪಾಯಿ ಪರಿಹಾರದ ಘೋಷಣೆ. ಒಂದು ಗೋಡೆ ಉಳಿದಿದ್ದರೆ ಉಳಿದದ್ದೇ ತಪ್ಪು.

ನಾನು ಮೇಲೆ ಮಾಡಿದ ವರ್ಗೀಕರಣ ತಮಾಷೆಗೆ. ಮೊಣಕಾಲುದ್ದ ರಾಡಿಯಲ್ಲಿ ನಿಂತು ತನ್ನ ಮನೆ ‘ಎ’ ಎಂದು ಕಾಗದದಲ್ಲಿ ತೋರಿಸಬೇಕಾದ ಮುದುಕಿಗೆ ಅದು ತಮಾಷೆಯಲ್ಲ. ಅಂಥವರು ಕಳಕೊಂಡದ್ದು ಜೋಳದ ಚೀಲ, ಎಮ್ಮೆ, ರೇಷನ್ ಕಾರ್ಡು. ಅದಕ್ಕೆ ‘ವಿಸ್ಥಾಪನೆಯ ಕಥನ’ ಎಂದು ಹೆಸರಿಟ್ಟು, ಫ್ಯಾನಿನ ಕೆಳಗೆ ಓದಿ, ಶಾಲು ಹೊದ್ದುಕೊಂಡು ಹೋಗುವವರಿಗೆ ನಾಚಿಕೆಯೆಂಬುದು ಯಾವ ವರ್ಗದಲ್ಲಿ ಬರುತ್ತದೋ!

5. ಉಪಸಂಹಾರ

ಆಟ ಚೆಂದ. ಸಣ್ಣ ಮಕ್ಕಳಿಗೆ, ಜ್ವರ ಬಿಟ್ಟೆದ್ದ ದೊಡ್ಡವರಿಗೆ ಕೊಡಿ. ಜಿಗಿದರೆ ಎದೆ ಡವಗುಟ್ಟಬೇಕು ಎನ್ನುವವರು ದೆವ್ವದ ಬಗೆಯನ್ನೇ ಆಡಲಿ. ಬಿದ್ದವರನ್ನು ಎತ್ತುವ ದೇವತೆ ಹೊಳೆದಂಡೆಯ ಹಳ್ಳಿಗಳಿಗೆ ಬೇಕು, ಅದಕ್ಕೆ ನನ್ನ ತಕರಾರಿಲ್ಲ. ಸಂಕಿರಣಗಳಿಗೆ ಮಾತ್ರ ಕಳಿಸಬೇಡಿ. ಅಲ್ಲಿ ಬಿದ್ದವರು ಬಿದ್ದಲ್ಲೇ ಇರಲಿ.