ಹಿಂಜವಾಡಿ ನಾಮನಿರ್ಣಯ ಮೀಮಾಂಸೆ

ಮಗುವಿಗೆ ಹೆಸರಿಡಲು ಪಂಚಾಂಗವಿದೆ, ಕಿವಿಯಲ್ಲಿ ಉಸುರಲು ಸೋದರತ್ತೆ ಇದ್ದಾಳೆ. ವೆಬ್‌ಸೈಟಿಗೆ ಹೆಸರಿಡಲು ಮಾತ್ರ ಶಾಸ್ತ್ರವಿಲ್ಲ. ಈ ಮಹಾಕೊರತೆಯನ್ನು ನೀಗಿಸುವುದೇ ಪ್ರಸ್ತುತ ಪ್ರಬಂಧದ ಪ್ರಯೋಜನ. ದೃಷ್ಟಾಂತಕ್ಕಾಗಿ, ಪುಣೆಯ ಹಿಂಜವಾಡಿ ಐಟಿ ಪಾರ್ಕಿನ ಎರಡನೇ ಫೇಸಿನ ಬಳಿ ವಿಜಯಪುರದ ಕಡೆಯ ಅಕ್ಕನೊಬ್ಬಳು ಜೋಳದ ರೊಟ್ಟಿ ಖಾನಾವಳಿ ಇಟ್ಟಿದ್ದಾಳೆ ಎಂದುಕೊಳ್ಳೋಣ.

ವೆಬ್‌ಸೈಟ್ ನಾಮಕರಣದ ಆದಿಶಾಸನದ ಕಾಲ 1985ರ ಮಾರ್ಚ್ 15. ಅಂದು ಅಮೆರಿಕದ ಸಿಂಬಾಲಿಕ್ಸ್ ಎಂಬ ಕಂಪ್ಯೂಟರ್ ಕಂಪನಿ ಮೊದಲ ಡಾಟ್ ಕಾಂ ಹೆಸರನ್ನು ನೋಂದಾಯಿಸಿತು. ಆಗ ಹಿಂಜವಾಡಿ ಮುಳಶಿ ತಾಲೂಕಿನ ಒಂದು ಹಳ್ಳಿ. ಡಾಟ್ ಇನ್ ಎಲ್ಲರ ಕೈಗೆ ಸಿಕ್ಕಿದ್ದು 2005ರಲ್ಲಿ.

ಪೂರ್ವಪಕ್ಷ: ಹೆಸರು ಭಕ್ತಿಯಿಂದ ಕೂಡಿ ಸಮಗ್ರವಾಗಿರಬೇಕು. ಉದಾಹರಣೆಗೆ, 'ಶ್ರೀ ಬಸವೇಶ್ವರ ಪ್ರಸಾದ ಉತ್ತರ ಕರ್ನಾಟಕ ಶೈಲಿಯ ಜೋಳದ ರೊಟ್ಟಿ ಖಾನಾವಳಿ.' ಇದಕ್ಕೆ ಯಂತ್ರಶಾಸ್ತ್ರದ ಆಕ್ಷೇಪವಿದೆ. ಚುಕ್ಕೆಗಳ ನಡುವಿನ ಒಂದು ತುಂಡಿನಲ್ಲಿ 63 ಅಕ್ಷರ ಮೀರಕೂಡದು. ಶಿವಭಕ್ತ ಪುರಾತನರೂ ಅರವತ್ಮೂರೇ ಮಂದಿಯಾದ್ದರಿಂದ ಇದು ಕಾಕತಾಳೀಯವಲ್ಲ ಎನ್ನುವ ಪಂಡಿತರು ಹುಟ್ಟಿದರೆ ನಾವೇನೂ ಆಶ್ಚರ್ಯಪಡುವುದಿಲ್ಲ. ಮೇಲಿನ ಹೆಸರನ್ನು ರೋಮನ್ ಲಿಪಿಯಲ್ಲಿ ಎಣಿಸುತ್ತ ಹೋದರೆ ರೊಟ್ಟಿ ಮುಗಿಯುವಾಗಲೇ 57 ಆಗಿರುತ್ತದೆ. ಉಳಿದ ಆರರಲ್ಲಿ ಖಾನಾವಳಿಯು 'ಖಾನಾವ್' ಎಂದು ಉಸಿರು ಬಿಡುತ್ತದೆ.

ಇನ್ನು ಊರಿನ ಹೆಸರು. ಹಿಂಜವಾಡಿಯನ್ನು ರೋಮನ್ನಿನಲ್ಲಿ ಬರೆಯುವವರಲ್ಲಿ ಜೆ ಆದಮೇಲೆ ಎ ಹಾಕುವ ಶಾಖೆಯೊಂದು, ಇ ಹಾಕುವ ಶಾಖೆಯೊಂದು. ಪ್ರತಿ ಶಾಖೆಯಲ್ಲೂ ವಿ ಪಂಥ, ಡಬ್ಲ್ಯು ಪಂಥ. ಅಲ್ಲಿಗೆ ನಾಲ್ಕು. ಖಾನಾವಳಿಗೂ ವಿ–ಡಬ್ಲ್ಯು ಜಗಳವಿದೆ. ಮಹಾಪ್ರಾಣವನ್ನು ಉಳಿಸುವವರು, ನುಂಗುವವರು ಬೇರೆ. ಅದೂ ನಾಲ್ಕು. ಗುಣಿಸಿದರೆ 16. ಕಾಂ, ಇನ್, ಕೋ ಡಾಟ್ ಇನ್ ಸೇರಿಸಿದರೆ 48. ದೀರ್ಘಗಳ ಗೊಡವೆಗೆ ನಾವಿನ್ನೂ ಹೋಗಿಲ್ಲ. ಳಕಾರದ ಪಾಡು ಇನ್ನೂ ಕಷ್ಟ: ನಮ್ಮ ವೈಯಾಕರಣ ಕೇಶಿರಾಜ ರಳ, ಕುಳ, ಕ್ಷಳ ಎಂದು ಮೂರನ್ನು ಬೇರ್ಪಡಿಸಿಟ್ಟ, ರೋಮನ್ ಲಿಪಿಯಲ್ಲಿ ಒಂದಕ್ಕೂ ಜಾಗವಿಲ್ಲ.

ಪ್ರಯೋಗ ಹೀಗೆ ನಡೆಯುತ್ತದೆ. ಮಧ್ಯಾಹ್ನ ಒಂದು ಗಂಟೆ, ಹಂಚಿನ ಮೇಲೆ ರೊಟ್ಟಿ, ಅಕ್ಕನ ಹೆಗಲಿಗೂ ಕಿವಿಗೂ ನಡುವೆ ಫೋನು, ಆ ತುದಿಯಲ್ಲಿ ಸೈಟಿನ ಹೆಸರು ಬರೆದುಕೊಳ್ಳುತ್ತಿರುವ ಗಿರಾಕಿ.

"ಅಕ್ಕಾರ, ವಿ ಹಾಕ್ಲೋ ಡಬ್ಲ್ಯು ಹಾಕ್ಲೋ?"

"ಯಾವ್ದರ ಹಾಕೋ ತಮ್ಮಾ, ರೊಟ್ಟಿ ಎಷ್ಟು ಬೇಕು ಅದನ್ ಹೇಳು."

ಅಕ್ಷರವೊಂದರ ವ್ಯತ್ಯಾಸ ನಗಣ್ಯವೆನ್ನುವವರು ಬೆಂಗಳೂರಿನ ಪ್ರಮಾಣವನ್ನು ಗಮನಿಸಬೇಕು. ಸತ್ಯಂ ಇನ್ಫೋವೇ ಕಂಪನಿಯ 'ಸಿಫಿ'ಯಲ್ಲಿ ಒಂದೇ ಎಫ್. ಎದುರಾಳಿ ಕಟ್ಟಿಕೊಂಡ 'ಸಿಫಿನೆಟ್'ನಲ್ಲಿ ಎರಡು. ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟು ತಡೆ ಕೊಟ್ಟಿತು, ಹೈಕೋರ್ಟು ತೆಗೆಯಿತು, 2004ರಲ್ಲಿ ಸುಪ್ರೀಂ ಕೋರ್ಟು ಮತ್ತೆ ಕೊಟ್ಟಿತು. ಡೊಮೇನ್ ಹೆಸರಿಗೂ ಟ್ರೇಡ್‌ಮಾರ್ಕಿನಂಥ ರಕ್ಷಣೆಯಿದೆ ಎಂಬ ತತ್ತ್ವ ನಮ್ಮ ದೇಶದಲ್ಲಿ ಗಟ್ಟಿಯಾದದ್ದು ಹೀಗೆ, ಒಂದು ಎಫ್ಫಿನ ದ್ವಿತ್ವದಿಂದ.

ಕನ್ನಡದಲ್ಲೇ 'ಡಾಟ್ ಭಾರತ' ಇದೆಯಲ್ಲ, ಳಕಾರ ಸಮೇತ ಬರೆಯಬಹುದಲ್ಲ ಎಂದರೆ, ಬರೆಯಬಹುದು. ಅದು ಯಂತ್ರವನ್ನು ಮುಟ್ಟುವಷ್ಟರಲ್ಲಿ ಎಕ್ಸ್, ಎನ್, ಎರಡು ಅಡ್ಡಗೆರೆಗಳಿಂದ ಶುರುವಾಗುವ ರೋಮನ್ ಅಕ್ಷರಗಳ ಸಾಲಾಗುತ್ತದೆ ಎನ್ನುವುದು ಹೋಗಲಿ. ಮರಾಠಿ ಗಿರಾಕಿ ಕನ್ನಡ ಕೀಲಿಮಣೆಯನ್ನು ಎಲ್ಲಿಂದ ತಂದಾನು?

ಸಿದ್ಧಾಂತ: ಊರಿನ ಹೆಸರು ಬಿಡಿ, ವಿಶೇಷಣಗಳನ್ನು ಬಿಡಿ, ಅಡ್ಡಗೆರೆ ಹಾಕಬೇಡಿ. ಫೋನಿನಲ್ಲಿ ಒಮ್ಮೆ ಹೇಳಿದಾಗ ಎದುರಿನವರು ತಿರುಗಿ ಕೇಳದೆ ಬರೆದುಕೊಂಡರೆ ಆ ಹೆಸರು ಶುದ್ಧ. ಕೊಂಡ ಮೇಲೆ ಅದು ವಂಶಪಾರಂಪರ್ಯ ಆಸ್ತಿಯೆಂದು ಹಿಗ್ಗುವುದೂ ಬೇಡ. ಒಂದು ಸಲಕ್ಕೆ ಸಿಗುವುದು ಹೆಚ್ಚೆಂದರೆ 10 ವರ್ಷ, ಆಮೇಲೆ ಮತ್ತೆ ದುಡ್ಡು ಕಟ್ಟಬೇಕು. ಮತ್ತೆ, ದಯವಿಟ್ಟು, ನೋಂದಣಿ ನಿಮ್ಮ ಹೆಸರಿನಲ್ಲೇ ಇರಲಿ, ಸೈಟು ಮಾಡಿಕೊಟ್ಟ ಹುಡುಗನ ಹೆಸರಿನಲ್ಲಲ್ಲ.